ಅಪ್‌ಡೇಟ್ ಎಂಬ ಅಪ್ಪಣೆ

2016ರ ಏಪ್ರಿಲ್. ಅಮೆರಿಕದ ಅಯೋವಾ ರಾಜ್ಯದ ಕೆಸಿಸಿಐ ಟಿವಿಯಲ್ಲಿ ಹವಾಮಾನ ವರದಿ ನೇರ ಪ್ರಸಾರವಾಗುತ್ತಿತ್ತು. ಪರದೆಯ ಮೇಲೆ ಮೋಡಗಳ ನಕಾಶೆ, ಪಕ್ಕದಲ್ಲಿ ನಿಂತು ವಿವರಿಸುತ್ತಿದ್ದ ಹವಾಮಾನ ತಜ್ಞೆ. ಇದ್ದಕ್ಕಿದ್ದಂತೆ ನಕಾಶೆಯ ಮೇಲೊಂದು ಚೌಕ ಬಂದು ಕೂತಿತು: ವಿಂಡೋಸ್ 10ಕ್ಕೆ ಬನ್ನಿ, ಇದು ಮೈಕ್ರೋಸಾಫ್ಟಿನ ಶಿಫಾರಸು. ಆಕೆ ನಕ್ಕು ಮಾತು ತೇಲಿಸಿ ವರದಿ ಮುಂದುವರಿಸಿದರು. ಆ ತುಣುಕು ಊರೂರು ಸುತ್ತಿತು. ನಾವೂ ನೋಡಿ ನಕ್ಕೆವು.

ನಗಬಾರದಿತ್ತು. ಊರಿನ ಹವಾಮಾನ ಹೇಳುತ್ತಿದ್ದವರ ಮಾತನ್ನು ಅರ್ಧಕ್ಕೇ ತಡೆದು ತನ್ನ ಸರಕು ಹೊಗಳಿಕೊಳ್ಳಲು ನಿಂತ ಆ ಚೌಕಕ್ಕೆ ಅಷ್ಟು ಸಲಿಗೆ ಕೊಟ್ಟವರು ಯಾರು ಎಂದು ಅಂದೇ ಕೇಳಬೇಕಿತ್ತು. ಕೇಳಲಿಲ್ಲ. ನೋಡುತ್ತ ನೋಡುತ್ತ ಸಲಿಗೆ ಹೋಗಿ ಅಧಿಕಾರ ಆಯಿತು. ಇವತ್ತು ನಾವು ದುಡ್ಡು ಕೊಟ್ಟು ತಂದ ಕಂಪ್ಯೂಟರು, ನಮ್ಮದೇ ಮೇಜಿನ ಮೇಲೆ ಕೂತು, ‘ನನ್ನನ್ನು ಆರಿಸಬೇಡ’ ಎಂದು ನಮಗೇ ಹೇಳುತ್ತದೆ. ಶೇಕಡಾ ಮೂವತ್ತು, ಮೂವತ್ತೊಂದು ಎಂದು ಎಣಿಸುತ್ತದೆ. ನಾವು ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತವರ ಹಾಗೆ ಕಾಯುತ್ತೇವೆ.

ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿರುವ ನನ್ನ ಸೋದರಳಿಯ ಈ ವಿಷಯ ಬಂದಾಗಲೆಲ್ಲ ಮಕ್ಕಳಿಗೆ ತಿಳಿಹೇಳುವ ದನಿಯಲ್ಲಿ ಹೇಳುತ್ತಾನೆ: “ಮಾವ, ಅಪ್‌ಡೇಟ್ ಅಂದ್ರೆ ಲಸಿಕೆ ಇದ್ದ ಹಾಗೆ. ನೀವು ಹಾಕಿಸ್ಕೊಳ್ಳಲ್ಲ ಅಂತ ಹಟ ಹಿಡಿದ್ರೆ ನಿಮಗೊಬ್ರಿಗೇ ಅಲ್ಲ, ಪಕ್ಕದವರಿಗೂ ಕಾಯಿಲೆ. ಜನರನ್ನ ಕೇಳ್ತಾ ಕೂತ್ರೆ ಯಾರೂ ಹಾಕಿಸ್ಕೊಳ್ಳಲ್ಲ. ಅದಕ್ಕೇ ಬಲವಂತ.”

ಅವನೊಬ್ಬನ ಮಾತಲ್ಲ ಇದು. ಪತ್ರಿಕೆಗಳ ತಂತ್ರಜ್ಞಾನ ಅಂಕಣಗಳು, ಕಚೇರಿಗಳ ಐಟಿ ವಿಭಾಗ, ಕಂಪ್ಯೂಟರ್ ರಿಪೇರಿಯವರು ಎಲ್ಲರೂ ಒಪ್ಪಿಕೊಂಡ ತತ್ವ. ಬಳಕೆದಾರ ದಡ್ಡ, ಸೋಮಾರಿ, ಕಂಪನಿ ಹಿರಿಯಣ್ಣ. ಅಣ್ಣ ಕಿವಿ ಹಿಂಡಿದರೂ ತಮ್ಮನ ಒಳ್ಳೆಯದಕ್ಕೇ. ಈ ತತ್ವ ಅರ್ಧ ಸತ್ಯ. ಅರ್ಧ ಸತ್ಯವಾಗಿರುವುದರಿಂದಲೇ ಅದರ ಮೇಲೆ ನನಗೆ ಇಷ್ಟು ಸಿಟ್ಟು.

ಸತ್ಯದ ಅರ್ಧ ಯಾವುದೆಂದು ಮೊದಲೇ ಒಪ್ಪಿಬಿಡುತ್ತೇನೆ. ಯಾವ ತಂತ್ರಾಂಶದಲ್ಲೂ ತೂತುಗಳಿರುತ್ತವೆ, ಕಳ್ಳರು ಅವನ್ನು ಹುಡುಕುತ್ತಾರೆ, ಕಂಪನಿ ತೇಪೆ ಹಾಕುತ್ತದೆ. ಆ ತೇಪೆಯನ್ನು ಬೇಗ ಹಾಕಿಸಿಕೊಳ್ಳುವುದು ಜಾಣತನ. ಇದರಲ್ಲಿ ತಕರಾರಿಲ್ಲ. ತಕರಾರು ಇರುವುದು ತೇಪೆಯ ಜೊತೆ ಬರುವ ಮೂಟೆಯ ಬಗ್ಗೆ. ಲಸಿಕೆ ಹಾಕಲು ಬಂದ ನರ್ಸಮ್ಮ ಸೂಜಿ ಚುಚ್ಚಿ ಹೋಗುತ್ತಾರೆ. ಹೋಗುವ ಮುಂಚೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬೇರೆ ಕಪಾಟಿಗೆ ಜರುಗಿಸುವುದಿಲ್ಲ, ನಡುಮನೆಯ ಗೋಡೆಗೆ ಸೋಪಿನ ಜಾಹೀರಾತು ಅಂಟಿಸುವುದಿಲ್ಲ, ‘ಬೀರುವಿನ ಬೀಗದ ಕೈ ನನ್ನ ಹತ್ತಿರವೂ ಒಂದಿರಲಿ’ ಎನ್ನುವುದಿಲ್ಲ. ವಿಂಡೋಸ್ 10ರ ಜೊತೆ ಕ್ಯಾಂಡಿ ಕ್ರಷ್ ಆಟ ಬಂದು ಕೂತಿದ್ದು ಯಾವ ಕಾಯಿಲೆಗೆ ಲಸಿಕೆ? 2024ರ ಏಪ್ರಿಲ್‌ನ ಅಪ್‌ಡೇಟಿನಲ್ಲಿ ವಿಂಡೋಸ್ 11ರ ಸ್ಟಾರ್ಟ್ ಮೆನುವಿಗೆ ‘ಶಿಫಾರಸು’ ಎಂಬ ಹೆಸರಲ್ಲಿ ಆ್ಯಪ್‌ಗಳ ಜಾಹೀರಾತು ಬಂತು. ಅದರಿಂದ ಯಾವ ಕಳ್ಳ ಓಡಿಹೋದ?

ಮೂಟೆ ಕಟ್ಟಿದ ಇತಿಹಾಸ ಸ್ವಲ್ಪ ನೋಡಬೇಕು. ವಿಂಡೋಸ್ 7ರ ಕಾಲದಲ್ಲಿ ಅಪ್‌ಡೇಟುಗಳು ಪಟ್ಟಿಯಾಗಿ ಬರುತ್ತಿದ್ದವು. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಒಂದು ವಿವರಣೆ, ಪಕ್ಕದಲ್ಲಿ ಗುರುತು ಹಾಕುವ ಚೌಕ. ಬೇಡವಾದದ್ದನ್ನು ಬಿಡಬಹುದಿತ್ತು. ಸಂತೆಯಲ್ಲಿ ತರಕಾರಿ ಆರಿಸಿಕೊಂಡ ಹಾಗೆ. 2015ರಲ್ಲಿ ಆ ಪಟ್ಟಿಯೊಳಗೆ ಕೆಬಿ3035583 ಎಂಬ ಒಂದು ಅಪ್‌ಡೇಟ್ ನುಸುಳಿತು. ಅದು ಯಾವ ತೂತಿಗೂ ತೇಪೆಯಲ್ಲ. ‘ವಿಂಡೋಸ್ 10 ಪಡೆಯಿರಿ’ ಎಂದು ಮೂಲೆಯಲ್ಲಿ ಕೂತು ಕರೆಯುವ ತಮಟೆಯವನು. 2016ರ ಫೆಬ್ರವರಿಯಲ್ಲಿ ವಿಂಡೋಸ್ 10 ತಾನೇ ‘ಶಿಫಾರಸು ಮಾಡಿದ ಅಪ್‌ಡೇಟ್’ ಆಗಿ ಆ ಪಟ್ಟಿಗೆ ಸೇರಿಕೊಂಡಿತು. ಮೇ ತಿಂಗಳ ಹೊತ್ತಿಗೆ, ಆ ಕರೆಯ ಚೌಕದ ಮೂಲೆಯ ಕೆಂಪು ಗುರುತನ್ನು ಒತ್ತಿ ಮುಚ್ಚಿದರೆ ಅದನ್ನೂ ಒಪ್ಪಿಗೆ ಎಂದೇ ಲೆಕ್ಕ ಹಿಡಿದು, ನಿಗದಿಯಾದ ದಿನಕ್ಕೆ ಬದಲಾವಣೆ ನಡೆದುಹೋಗುತ್ತಿತ್ತು. ಆ ಗುರುತು ಒತ್ತಿ ಮುಚ್ಚುವುದೆಂದರೆ ‘ಬೇಡ’ ಎಂದು ಇಡೀ ಲೋಕಕ್ಕೆ ಅದೇ ಕಂಪನಿ ಇಪ್ಪತ್ತು ವರ್ಷ ಕಲಿಸಿತ್ತು. ತಾನೇ ಕಲಿಸಿದ ಭಾಷೆಯಲ್ಲಿ ಜನ ‘ಬೇಡ’ ಅಂದರೆ ಅದನ್ನು ‘ಹೂಂ’ ಎಂದು ಓದಿಕೊಂಡಿತು.

ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸ ಏಜೆನ್ಸಿ ನಡೆಸುತ್ತಿದ್ದ ಮಹಿಳೆಯೊಬ್ಬರು, ತಾನು ಒಪ್ಪದಿದ್ದರೂ ಆದ ಬದಲಾವಣೆಯಿಂದ ಯಂತ್ರ ಕೆಟ್ಟಿತೆಂದು ನ್ಯಾಯಾಲಯಕ್ಕೆ ಹೋದರು. 10,000 ಡಾಲರ್ ಪರಿಹಾರ ಸಿಕ್ಕಿತು. ಕಂಪನಿ ಮೇಲ್ಮನವಿ ಕೈಬಿಟ್ಟಿತು. ಅದೇ ವರ್ಷದ ಕೊನೆಗೆ ಮಾರುಕಟ್ಟೆ ವಿಭಾಗದ ಮುಖ್ಯಸ್ಥ ಕ್ರಿಸ್ ಕಪೊಸೆಲಾ, ಆ ಕೆಂಪು ಗುರುತಿನ ಪ್ರಕರಣದಲ್ಲಿ ತಾವು ಹದ ಮೀರಿದ್ದು ನಿಜ ಎಂದು ಒಪ್ಪಿಕೊಂಡರು. ಒಪ್ಪಿಕೊಂಡದ್ದು ಮಾರುಕಟ್ಟೆ ವಿಭಾಗದವರು ಎಂಬುದನ್ನು ಗಮನಿಸಿ. ಭದ್ರತೆಯ ವಿಭಾಗಕ್ಕೆ ಆ ಚೌಕದಲ್ಲಿ ಕೆಲಸವೇನೂ ಇರಲಿಲ್ಲ.

ಅದೇ 2016ರ ಅಕ್ಟೋಬರ್‌ನಲ್ಲಿ ಗುರುತು ಹಾಕುವ ಚೌಕಗಳೂ ಹೋದವು. ವಿಂಡೋಸ್ 7 ಮತ್ತು 8.1ಕ್ಕೆ ತಿಂಗಳಿಗೊಂದು ಇಡಿಗಂಟು. ತೆಗೆದುಕೊಂಡರೆ ಎಲ್ಲ, ಬಿಟ್ಟರೆ ಎಲ್ಲ. ಆದರೆ ಬರೀ ಭದ್ರತೆಯ ತೇಪೆಗಳಿರುವ ಬೇರೆ ಗಂಟನ್ನೂ ಕಂಪನಿ ತಯಾರಿಸುತ್ತಿತ್ತು! ಅದು ಸಿಗುತ್ತಿದ್ದುದು ಸ್ವಂತ ಸರ್ವರ್ ಇಟ್ಟುಕೊಂಡ ದೊಡ್ಡ ಸಂಸ್ಥೆಗಳಿಗೆ, ಇಲ್ಲವೇ ಕಂಪನಿಯ ಉಗ್ರಾಣದ ಪುಟಕ್ಕೆ ಹೋಗಿ ಹೆಕ್ಕಿಕೊಳ್ಳಲು ಬಲ್ಲವರಿಗೆ. ಮಾಮೂಲಿ ಗಿರಾಕಿಯ ಬಾಗಿಲಿಗೆ ಬರುತ್ತಿದ್ದುದು ಮೂಟೆ ಮಾತ್ರ.

ನನ್ನ ವಾದವೆಲ್ಲ ನಿಂತಿರುವುದು ಇಲ್ಲೇ. ತೇಪೆಯನ್ನೂ ಸರಕನ್ನೂ ಬೇರೆ ಮಾಡಲು ಬರುವುದಿಲ್ಲ ಎಂದಿದ್ದರೆ ಬಲವಂತಕ್ಕೆ ಒಂದು ಅರ್ಥವಿತ್ತು. ಬರುತ್ತದೆ. ವಿಂಡೋಸ್ 10ರಲ್ಲಿ ಎಲ್‌ಟಿಎಸ್‌ಸಿ ಎಂಬ ಆವೃತ್ತಿಯಿದೆ. ವೈದ್ಯಕೀಯ ಉಪಕರಣ, ಕಾರ್ಖಾನೆಯ ಯಂತ್ರಗಳಿಗೆಂದು ಮಾಡಿದ್ದು. ಅದಕ್ಕೆ ವರ್ಷಗಟ್ಟಲೆ ಭದ್ರತೆಯ ತೇಪೆ ಬರುತ್ತದೆ. ಹೊಸ ಮೆನು, ಹೊಸ ಆಟ, ಹೊಸ ಗೌಜು ಯಾವುದೂ ಬರುವುದಿಲ್ಲ. ಅದರ ಒಂದು ಬಗೆಗೆ 2032ರ ಜನವರಿಯವರೆಗೆ ತೇಪೆ ಸಿಗುತ್ತದೆಂದು ಕಂಪನಿಯೇ ಬರೆದುಕೊಟ್ಟಿದೆ. ಕಾರ್ಖಾನೆಯ ಯಂತ್ರಕ್ಕೆ ಸಿಗುವ ನೆಮ್ಮದಿ ಮನೆಯ ಮೇಷ್ಟ್ರಿಗೆ, ಅಂಗಡಿಯ ಶೆಟ್ಟರಿಗೆ ಯಾಕಿಲ್ಲ? ಮನೆಯವರ ಹೋಮ್ ಆವೃತ್ತಿಯಲ್ಲಿ 2015ರಿಂದ ಅಪ್‌ಡೇಟ್ ಕಡ್ಡಾಯ. ನಾಲ್ಕು ವರ್ಷ ಬೈಸಿಕೊಂಡ ಮೇಲೆ, 2019ರಲ್ಲಿ, ಹೆಚ್ಚೆಂದರೆ 35 ದಿನ ಮುಂದೂಡಬಹುದು ಎಂಬ ರಿಯಾಯಿತಿ ಸಿಕ್ಕಿತು. ದುಡ್ಡು ಕೊಟ್ಟು ಕೊಂಡ ವಸ್ತುವಿನ ಮೇಲೆ ಮೂವತ್ತೈದು ದಿನದ ಜಾಮೀನು.

ಇಷ್ಟು ಹೇಳಿದರೆ ಅಳಿಯ ತುರುಪಿನ ಎಲೆ ಎಸೆಯುತ್ತಾನೆ: “ವಾನ್ನಾಕ್ರೈ ಮರೆತ್ರಾ ಮಾವ?”

ಮರೆತಿಲ್ಲ. 2017ರ ಮೇ 12ರಂದು ಶುರುವಾದ ಆ ದಾಳಿ ನೂರೈವತ್ತು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ನಿಂತವು. ದಾಳಿ ಒಳನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ತೇಪೆ ಕೊಟ್ಟಿತ್ತು. ಎರಡು ತಿಂಗಳು ಸಮಯವಿತ್ತು; ಹಾಕಿಕೊಳ್ಳದವರು ಅನುಭವಿಸಿದರು. ‘ಮಾಡಿದ್ದುಣ್ಣೋ ಮಹರಾಯ’ ಎಂದು ಇಲ್ಲಿಗೆ ಕತೆ ಮುಗಿಸುವುದು ರೂಢಿ.

ಕತೆ ಅಲ್ಲಿಗೆ ಮುಗಿಯುವುದಿಲ್ಲ. ಆ ದಾಳಿಗೆ ಸಿಕ್ಕ ಕಂಪ್ಯೂಟರುಗಳಲ್ಲಿ ಬಹುಪಾಲು ವಿಂಡೋಸ್ 7ರವು. ಹಿಂದಿನ ವರ್ಷವಷ್ಟೇ ಅದೇ ವಿಂಡೋಸ್ 7ರವರ ಮೇಲೆ ಅಪ್‌ಡೇಟಿನ ಬಾಗಿಲಿನಿಂದಲೇ ವಿಂಡೋಸ್ 10 ಹೇರಲಾಗಿತ್ತು. ಅದರಿಂದ ತಪ್ಪಿಸಿಕೊಳ್ಳಲು ಅನೇಕರಿಗೆ ಗೊತ್ತಿದ್ದ ದಾರಿ ಒಂದೇ: ಅಪ್‌ಡೇಟನ್ನೇ ಪೂರ್ತಿ ನಿಲ್ಲಿಸಿಬಿಡುವುದು. ಹಾಗೆ ನಿಲ್ಲಿಸಿದವರು ನನ್ನ ಪರಿಚಯದಲ್ಲೇ ಇದ್ದರು. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟ ಹಾಗಾಯಿತು, ನಿಜ. ಆದರೆ ಇಲಿ ಬಿಟ್ಟವರು ಯಾರು? ತೇಪೆಯ ಗಾಡಿಯಲ್ಲಿ ಸರಕು ಸಾಗಿಸಿದರೆ ಜನ ಗಾಡಿಯನ್ನೇ ನಂಬುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಇನ್ನೂ ಒಂದಿದೆ. ಆ ತೂತನ್ನು ಮೊದಲು ಕಂಡುಹಿಡಿದದ್ದು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ. ಅದು ಕಂಪನಿಗೆ ಹೇಳದೆ ತನ್ನ ಆಯುಧವಾಗಿ ಇಟ್ಟುಕೊಂಡಿತ್ತು; ಆಯುಧ ಕಳುವಾಗಿ ಏಪ್ರಿಲ್‌ನಲ್ಲಿ ಬೀದಿಗೆ ಬಂತು. ವಿಂಡೋಸ್ ಎಕ್ಸ್‌ಪಿಗೂ ತೇಪೆ ತಯಾರಿತ್ತು, ಆದರೆ ವಿಶೇಷ ಬೆಂಬಲಕ್ಕೆ ಹಣ ಕಟ್ಟಿದವರಿಗೆ ಮಾತ್ರ. ಉಳಿದವರಿಗೆ ಅದು ಸಿಕ್ಕಿದ್ದು ಊರು ಹೊತ್ತಿಕೊಂಡ ಮೇಲೆ. ‘ಪಕ್ಕದವರಿಗೂ ಕಾಯಿಲೆ’ ಎಂಬ ಲಸಿಕೆಯ ತರ್ಕ ಅಷ್ಟು ಪವಿತ್ರವಾಗಿದ್ದರೆ, ಸೀಸೆ ಕೈಯಲ್ಲಿದ್ದೂ ದುಡ್ಡಿಲ್ಲದವರಿಗೆ ಎರಡು ತಿಂಗಳು ಚುಚ್ಚದೆ ಕೂತದ್ದು ಯಾವ ವೈದ್ಯಶಾಸ್ತ್ರ?

ಬಲವಂತದ ಪರ ನಿಂತವರು ಮರೆಯುವ ಇನ್ನೊಂದು ಸಂಗತಿಯೆಂದರೆ ಅಪ್‌ಡೇಟ್ ತಾನೇ ಕಾಯಿಲೆಯಾಗುವುದು. 2018ರ ಅಕ್ಟೋಬರ್ ಮೊದಲ ವಾರ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿದ್ದ ಕಡತಗಳನ್ನೇ ಅಳಿಸಿಹಾಕಿತು. ಫೋಲ್ಡರಿನ ಜಾಗ ಬದಲಿಸಿಕೊಂಡವರ ಹಳೆಯ ಜಾಗದಲ್ಲಿ ಉಳಿದದ್ದನ್ನೆಲ್ಲ ಅದು ಕಸ ಎಂದುಕೊಂಡಿತ್ತು. ಕೆಲವೇ ದಿನದಲ್ಲಿ ಹಂಚಿಕೆ ನಿಲ್ಲಿಸಿದರು. ಪರೀಕ್ಷೆಗೆಂದು ಮೊದಲೇ ಪಡೆದವರಲ್ಲಿ ಕೆಲವರು ತಿಂಗಳುಗಳ ಹಿಂದೆಯೇ ಇದೇ ದೂರು ಬರೆದಿದ್ದರು, ರಾಶಿಯಲ್ಲಿ ಅದು ಹೂತುಹೋಗಿತ್ತು. ಕಂಪನಿ ಕೊಟ್ಟ ಲೆಕ್ಕ: ಕಡತ ಕಳೆದುಕೊಂಡವರು ಶೇಕಡಾ 0.01 ಮಾತ್ರ. ಹತ್ತು ಸಾವಿರಕ್ಕೆ ಒಬ್ಬರು. ಆ ಒಬ್ಬರಿಗೆ ತಮ್ಮ ಮಗುವಿನ ಮೊದಲ ವರ್ಷದ ಫೋಟೋಗಳು ಶೇಕಡಾ ನೂರು ಹೋದವು ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ನಾನೇ ಅಪ್‌ಡೇಟ್ ಹಾಕಿಕೊಂಡು ಕಳೆದುಕೊಂಡರೆ ಅದು ನನ್ನ ಹಣೆಬರಹ. ನಾನು ಬೇಡ ಎನ್ನಲು ಗುಂಡಿಯೇ ಇಲ್ಲದಿದ್ದಾಗ ಕಳೆದುಹೋದರೆ ಆ ಹಣೆಬರಹ ಬರೆದವರ ವಿಳಾಸ ಕೇಳುವ ಹಕ್ಕು ನನಗಿದೆ.

ಇಂಥದೇ ಇನ್ನೊಂದು ಕಾಯಿಲೆ ನಮ್ಮ ವಿಮಾನ ನಿಲ್ದಾಣಗಳಿಗೂ ಬಂತು. 2024ರ ಜುಲೈ 19, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 9:39. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಲೋಕದ ತುಂಬ ಇರುವ ತನ್ನ ಗಿರಾಕಿಗಳ ವಿಂಡೋಸ್ ಯಂತ್ರಗಳಿಗೆ ಒಂದು ಪುಟ್ಟ ಕಡತ ಕಳಿಸಿತು. ಎಪ್ಪತ್ತೆಂಟು ನಿಮಿಷದಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಅಷ್ಟರಲ್ಲಿ, ಮೈಕ್ರೋಸಾಫ್ಟಿನ ಅಂದಾಜಿನ ಪ್ರಕಾರ, 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ಬಿದ್ದುಕೊಂಡಿದ್ದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಮೈಕ್ರೋಸಾಫ್ಟಿನ ತಪ್ಪಲ್ಲ ಅದು, ಅಪ್‌ಡೇಟೂ ಅದರದ್ದಲ್ಲ. ನಾನು ಬೊಟ್ಟು ಮಾಡುತ್ತಿರುವುದು ತತ್ವದ ಕಡೆಗೆ. ಆ ಗಿರಾಕಿಗಳಲ್ಲಿ ಎಚ್ಚರದವರೂ ಇದ್ದರು: ಹೊಸ ಆವೃತ್ತಿ ನಮಗೆ ತಕ್ಷಣ ಬೇಡ, ಒಂದು ಹೆಜ್ಜೆ ಹಿಂದಿನದೇ ಇರಲಿ ಎಂದು ಆಯ್ಕೆ ಮಾಡಿಟ್ಟುಕೊಂಡವರು. ಈ ಕಡತಕ್ಕೆ ಆ ಆಯ್ಕೆ ಲೆಕ್ಕಕ್ಕೇ ಇರಲಿಲ್ಲ. ಎಲ್ಲರಿಗೂ ಒಟ್ಟಿಗೆ ಹೋಯಿತು. ಅನಾಹುತದ ನಂತರ ಕಂಪನಿ ಕೊಟ್ಟ ಪರಿಹಾರಗಳಲ್ಲಿ ಎರಡು ಇವು: ಇನ್ನು ಮುಂದೆ ಹಂತಹಂತವಾಗಿ ಕಳಿಸುತ್ತೇವೆ, ಯಾವಾಗ ಎಲ್ಲಿಗೆ ಬೇಕು ಎಂಬ ಹತೋಟಿಯನ್ನು ಗಿರಾಕಿಗೇ ಕೊಡುತ್ತೇವೆ. ಅಂದರೆ ಕಾಯಿಲೆಗೆ ಮದ್ದೆಂದು ಕೊನೆಗೆ ಸಿಕ್ಕಿದ್ದು ಒಪ್ಪಿಗೆ ಕೇಳುವುದು.

ಈಗ 2025ರ ಅಕ್ಟೋಬರ್ 14ಕ್ಕೆ ಬರೋಣ. ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಂತ ದಿನ. ಇದೇ ಕೊನೆಯ ವಿಂಡೋಸ್ ಎಂದು 2015ರಲ್ಲಿ ಕಂಪನಿಯ ಉದ್ಯೋಗಿಯೊಬ್ಬರು ಸಮ್ಮೇಳನದಲ್ಲಿ ಹೇಳಿದ್ದರು, ನಾವೂ ನಂಬಿದ್ದೆವು. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂತು. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ಪೀಳಿಗೆಯ ಪ್ರೊಸೆಸರೋ ಅದರ ನಂತರದ್ದೋ ಆಗಿರಬೇಕು. ಏಳನೆಯದಕ್ಕೆ ಭದ್ರತೆ ಸಾಲದು ಎಂದರು. ಆದರೆ ಏಳನೇ ಪೀಳಿಗೆಯ ಬೆರಳೆಣಿಕೆಯ ಚಿಪ್‌ಗಳಿಗೆ ವಿನಾಯಿತಿ ಸಿಕ್ಕಿತು. ಅವುಗಳಲ್ಲಿ ಒಂದು ಕೋರ್ ಐ7-7820ಎಚ್‌ಕ್ಯು, ಮೈಕ್ರೋಸಾಫ್ಟ್ ತಾನೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2ರ ಒಳಗಿದ್ದ ಚಿಪ್. ಇದಕ್ಕೆ ನಾನು ಟಿಪ್ಪಣಿ ಸೇರಿಸುವುದಿಲ್ಲ.

ಈ ಒಂದು ನಿರ್ಧಾರದಿಂದ 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದೆಂದು ಕೆನಾಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ ಅಂದಾಜಿಸಿತು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಒಂದು ಸುತ್ತು ಹಾಕಿದವರಿಗೆ ಇದರ ಅರ್ಥ ಗೊತ್ತಾಗುತ್ತದೆ. ಕಾರ್ಪೊರೇಟ್ ಕಚೇರಿಗಳು ಎಸೆದ ಲ್ಯಾಪ್‌ಟಾಪ್‌ಗಳನ್ನು ಒರೆಸಿ, ರ‍್ಯಾಮ್ ಸೇರಿಸಿ, ಹೊಸ ಬ್ಯಾಟರಿ ಹಾಕಿ ಮಾರುವ ಅಂಗಡಿಗಳ ಸಾಲು ಅದು. ಕಾಲೇಜಿಗೆ ಸೇರಿದ ಮಗಳಿಗೆ ಹೊಸದು ಕೊಡಿಸಲಾಗದ ಅಪ್ಪಂದಿರು ಹೋಗುವ ಜಾಗ. ಆರನೇ, ಏಳನೇ ಪೀಳಿಗೆಯ ಆ ಯಂತ್ರಗಳಲ್ಲಿ ಕೆಟ್ಟಿರುವುದು ಏನೂ ಇಲ್ಲ.

ತೇಪೆ ನಿಜಕ್ಕೂ ನಿಂತಿತೇ? ಇಲ್ಲ, ಮಾರಾಟಕ್ಕೆ ಬಂತು. ಸಂಸ್ಥೆಗಳಿಗೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಮುಂದೆ ವರ್ಷ ವರ್ಷ ಇಮ್ಮಡಿ, ಮೂರು ವರ್ಷದವರೆಗೆ. ಮನೆಯವರಿಗೆ ಒಂದು ವರ್ಷಕ್ಕೆ 30 ಡಾಲರ್. ಅಥವಾ ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಕಂಪನಿಯ ಒನ್‌ಡ್ರೈವ್‌ಗೆ ಒಪ್ಪಿಸಿದರೆ ಪುಕ್ಕಟೆ. ಅಥವಾ ಕಂಪನಿಯದೇ ಬಹುಮಾನ ಯೋಜನೆಯ ಸಾವಿರ ಅಂಕ. ಯುರೋಪಿನ ಗ್ರಾಹಕ ಸಂಘಟನೆಗಳು ಎದ್ದು ನಿಂತು ಕೇಳಿದ ಮೇಲೆ ಅಲ್ಲಿನವರಿಗೆ ಆ ಒನ್‌ಡ್ರೈವ್ ಷರತ್ತೂ ಬೇಡ, ಹಣವೂ ಬೇಡ ಎಂದಾಯಿತು. ಅದೇ ತೂತು, ಅದೇ ತೇಪೆ, ಅದೇ ಕಂಪ್ಯೂಟರು. ಬರ್ಲಿನ್ನಿನಲ್ಲಿ ಒಂದು ದರ, ಬಳ್ಳಾರಿಯಲ್ಲಿ ಇನ್ನೊಂದು.

‘ಅಷ್ಟು ಕಷ್ಟವಾದರೆ ಬಿಟ್ಟು ಹೋಗಿ, ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಇದೆಯಲ್ಲ’ ಎನ್ನುತ್ತಾರೆ. ಹೋಗಿ ನೋಡಿದ್ದೇನೆ. ಈ ಲೇಖನ ಬರೆಯುತ್ತಿರುವುದು ವಿಂಡೋಸ್ 11ಕ್ಕೆ ನಾಲಾಯಕ್ಕೆಂದು ತೀರ್ಮಾನವಾದ ಲ್ಯಾಪ್‌ಟಾಪಿನಲ್ಲಿ, ಲಿನಕ್ಸ್ ಮಿಂಟ್ ಮೇಲೆ. ಒಂದು ಪೆನ್‌ಡ್ರೈವ್, ಅರ್ಧ ಗಂಟೆ, ಎರಡು ಲೋಟ ಕಾಫಿ. ಕನ್ನಡ ಕೀಲಿಮಣೆ ಹುಡುಕುತ್ತಾ ಪಟ್ಟಿ ತೆರೆದಾಗ ಅಲ್ಲಿ ‘ಕಗಪ’ ಎಂಬ ಹೆಸರು ಕಂಡಿತು. ನಮ್ಮ ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಬಳುವಳಿ. ಇನ್ನೂ ಕೆಳಗೆ ಇಳಿದರೆ ಹಿಂದಿಗೂ ಕಗಪ, ಸಂಸ್ಕೃತಕ್ಕೂ ಕಗಪ. ಡೆಬಿಯನ್ ಎಂಬ ಲಿನಕ್ಸಿನ ಉಗ್ರಾಣದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಫಾಂಟುಗಳಿವೆ. ಪರದೇಶದ ಮನೆಯೊಂದಕ್ಕೆ ಹೋಗಿ ಬಾಗಿಲಲ್ಲಿ ನಮ್ಮೂರಿನ ರಂಗೋಲಿ ಕಂಡ ಹಾಗಾಯಿತು ನನಗೆ.

ಅಪ್‌ಡೇಟ್ ಅಲ್ಲಿಯೂ ಬರುತ್ತದೆ. ಮೂಲೆಯಲ್ಲಿ ಒಂದು ಪುಟ್ಟ ಗುರುತು ಕಾಣುತ್ತದೆ. ತೆರೆದರೆ ಪಟ್ಟಿ, ಭದ್ರತೆಯದ್ದಕ್ಕೆ ಬೇರೆ ಗುರುತು, ಪಕ್ಕದಲ್ಲಿ ಚೌಕ. ಕಳೆದುಹೋದ ಸಂತೆ ಮತ್ತೆ ಸಿಕ್ಕಿತು. 2021ರಲ್ಲಿ ಮಿಂಟ್ ತಂಡಕ್ಕೂ ನನ್ನ ಅಳಿಯನ ಚಿಂತೆಯೇ ಬಂದಿತ್ತು. ಬಹಳ ಮಂದಿ ಅಪ್‌ಡೇಟ್ ಹಾಕಿಕೊಳ್ಳುತ್ತಿಲ್ಲ, ಬೆಂಬಲ ಮುಗಿದ ಆವೃತ್ತಿಯಲ್ಲೇ ಉಳಿದವರೂ ಇದ್ದಾರೆ ಎಂದು ಅವರು ಬಹಿರಂಗವಾಗಿ ಬೇಸರಪಟ್ಟರು. ಸ್ವಾತಂತ್ರ್ಯ ಕೊಟ್ಟರೆ ಜನ ಅಸಡ್ಡೆ ಮಾಡುತ್ತಾರೆ ಎಂಬ ಮಾತು ಸುಳ್ಳಲ್ಲ. ಅವರು ಕಂಡುಕೊಂಡ ದಾರಿ ನೋಡಿ: ಬಹುದಿನ ಹಾಕಿಕೊಳ್ಳದಿದ್ದರೆ ಒಂದು ನೆನಪೋಲೆ ಬರುತ್ತದೆ. ಎಷ್ಟು ದಿನಕ್ಕೆ ಬರಬೇಕು ಎಂದು ನಾವೇ ಹೇಳಬಹುದು, ಬರಲೇ ಬೇಡ ಎಂದೂ ಹೇಳಬಹುದು. ಮನೆಯ ಹಿರಿಯರು ‘ಮಾತ್ರೆ ತಗೊಂಡೆಯಾ?’ ಎಂದು ಕೇಳುವ ಹಾಗೆ. ಬಾಯಿ ಒತ್ತಿ ಹಿಡಿದು ನುಂಗಿಸುವ ಹಾಗಲ್ಲ. ಲಿನಕ್ಸ್ ಲೋಕವೆಲ್ಲ ಸಾಧುಸಂತರದ್ದೆಂದು ಹೇಳಲಾರೆ. ಉಬುಂಟು ಎಂಬ ಇನ್ನೊಂದು ಲಿನಕ್ಸಿನ ಸ್ನ್ಯಾಪ್ ವ್ಯವಸ್ಥೆ ಬಹಳ ಕಾಲ ಕೇಳದೇ ತಾನೇ ಹೊಸದಾಗುತ್ತಿತ್ತು. ಆದರೆ ಅದು ಹಿಡಿಸದ ಮಿಂಟ್‌ನವರು 2020ರಲ್ಲಿ ಅದನ್ನು ಹೊರಗಿಟ್ಟರು. ಹಿಡಿಸದಿದ್ದರೆ ಹೊರಗಿಡುವ ಸೌಕರ್ಯ ಆ ಊರಿನಲ್ಲಿದೆ.

ನನಗೆ ಒಗ್ಗಿತು. ನನ್ನ ಕೆಲಸ ಬರೆಯುವುದು, ಓದುವುದು, ಮೇಲ್ ಕಳಿಸುವುದು. ನಮ್ಮ ಬೀದಿಯ ಡಿಟಿಪಿ ಅಂಗಡಿಯವರಿಗೆ ಒಗ್ಗುವುದಿಲ್ಲ. 2001ರಲ್ಲಿ ಬಂದ ಪೇಜ್‌ಮೇಕರ್ 7 ಇವತ್ತಿಗೂ ಅವರ ಅನ್ನ. ಮದುವೆ ಕರೆಯೋಲೆಗಳೆಲ್ಲ ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರಗಳಲ್ಲಿವೆ. ಕೀಲಿಮಣೆ ಲಿನಕ್ಸಿಗೆ ಬಂದಿದೆ, ಆದರೆ ರಾಜ್ಯ ಸರಕಾರ ತಾನೇ ಒಪ್ಪಿ ಬಳಕೆಗೆ ತಂದ ನುಡಿ ತಂತ್ರಾಂಶ ಬರೆದಿರುವುದು ವಿಂಡೋಸ್‌ಗೆ. ಅಂಗಡಿ ಲೆಕ್ಕದ ಟ್ಯಾಲಿ ನಮ್ಮ ಬೆಂಗಳೂರಿನದೇ ಕೂಸು, ಅದೂ ವಿಂಡೋಸ್‌ಗೆ. ಇವರಿಗೆಲ್ಲ ‘ಬಿಟ್ಟು ಹೋಗಿ’ ಎನ್ನುವುದು, ಇರುವ ಒಂದೇ ಸೇತುವೆಗೆ ಸುಂಕ ಕಟ್ಟಲಾಗದವನಿಗೆ ಈಜಿಕೊಂಡು ಹೋಗು ಎಂದ ಹಾಗೆ. ಬಿಟ್ಟು ಹೋಗಲಾಗದವರ ಮೇಲೆ ನಡೆಯುವುದರಿಂದಲೇ ಇದಕ್ಕೆ ಬಲವಂತ ಎಂಬ ಹೆಸರು.

ಸೇತುವೆ ಒಂದೇ ಆದದ್ದರಲ್ಲಿ ನಮ್ಮ ಸರಕಾರಗಳ ಪಾಲೂ ಇದೆ. ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಕೇಂದ್ರ ಸರಕಾರ 2015ರಲ್ಲೇ ಹೊರಡಿಸಿದೆ. ಪಕ್ಕದ ಕೇರಳದಲ್ಲಿ ಶಾಲಾ ಶಿಕ್ಷಣದ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್ ಸಂಸ್ಥೆ ಉಬುಂಟು ಆಧಾರದ ಮೇಲೆ ತನ್ನದೇ ಲಿನಕ್ಸ್ ಸಿದ್ಧಪಡಿಸಿ ಸರಕಾರಿ ಶಾಲೆಗಳಿಗೆ ಕೊಡುತ್ತದೆ. ಅಲ್ಲಿನ ಮಕ್ಕಳು ಅದರಲ್ಲೇ ಕಲಿಯುತ್ತಾರೆ. ಜರ್ಮನಿಯ ಷ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 30,000 ಸರಕಾರಿ ಕಂಪ್ಯೂಟರುಗಳನ್ನು ಮುಕ್ತ ತಂತ್ರಾಂಶಕ್ಕೆ ಒಯ್ಯುವುದಾಗಿ 2024ರಲ್ಲಿ ಘೋಷಿಸಿತು. ಅದೇ ದೇಶದ ಮ್ಯೂನಿಕ್ ನಗರ ಹತ್ತು ವರ್ಷ ದುಡಿದು ಲಿನಕ್ಸಿಗೆ ಹೋಗಿ 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿದ್ದೂ ಗೊತ್ತಿದೆ. ಸುಲಭದ ಹಾದಿ ಎಂದು ನಾನು ಹೇಳುತ್ತಿಲ್ಲ. ತಂತ್ರಜ್ಞಾನದ ರಾಜಧಾನಿ ಎಂದು ಹೇಳಿಕೊಳ್ಳುವ ನಾವು, ಸಾರ್ವಜನಿಕ ದುಡ್ಡಿನಲ್ಲಿ ಬರೆಸುವ ಕನ್ನಡದ ತಂತ್ರಾಂಶ ಎಲ್ಲ ವ್ಯವಸ್ಥೆಗಳ ಮೇಲೂ ಓಡಲಿ ಎಂಬ ಒಂದು ಸಾಲನ್ನು ಟೆಂಡರಿನಲ್ಲಿ ಸೇರಿಸಲು ಯಾರ ಅಪ್ಪಣೆಗೆ ಕಾಯುತ್ತಿದ್ದೇವೆ?

ಕಾನೂನಿನ ಮಾತಿಗೆ ಬಂದರೆ, ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು, ಕಂಪ್ಯೂಟರಿನ ಮಾಲೀಕನ ಅಥವಾ ಅದರ ಹೊಣೆ ಹೊತ್ತವನ ಅನುಮತಿಯಿಲ್ಲದೆ ಒಳಹೊಕ್ಕು ಅದರ ಕೆಲಸ ಕೆಡಿಸುವುದನ್ನು ತಪ್ಪು ಎನ್ನುತ್ತದೆ. ಕಂಪನಿಗಳು ಇದಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಮೊದಲ ದಿನ ‘ಒಪ್ಪುತ್ತೇನೆ’ ಎಂದು ಒತ್ತಿದ್ದೇವಲ್ಲ, ಸಾವಿರಾರು ಪದಗಳ ಆ ಕರಾರಿಗೆ. ಒಪ್ಪದಿದ್ದರೆ ಕಂಪ್ಯೂಟರು ಶುರುವಾಗುವುದೇ ಇಲ್ಲ. ಆದರೆ ಈಚಿನ ಇನ್ನೊಂದು ನಿಯಮವಿದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ ಎನ್ನುವ ಕುಟಿಲ ವಿನ್ಯಾಸಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ 13 ಬಗೆಯ ಮೋಸಗಳನ್ನು ಹೆಸರಿಸಿತು. ಅವುಗಳಲ್ಲೊಂದು ಬಲವಂತದ ಕ್ರಿಯೆ: ಕೊಂಡದ್ದನ್ನು ಬಳಸಲು ಸಂಬಂಧವಿಲ್ಲದ ಇನ್ನೊಂದು ಸೇವೆಗೆ ಸೇರಿಸುವುದು. ಇನ್ನೊಂದು ಪೀಡಿಸುವಿಕೆ: ‘ಬೇಡ’ ಎನ್ನುವ ಆಯ್ಕೆಯನ್ನೇ ಕೊಡದೆ ಮತ್ತೆ ಮತ್ತೆ ಕೇಳುವುದು. ಆಪರೇಟಿಂಗ್ ಸಿಸ್ಟಮ್‌ಗಳ ಅಪ್‌ಡೇಟ್ ಪರದೆಗಳನ್ನು ಈ ಎರಡು ಅಳತೆಗೋಲಿನಿಂದ ಅಳೆಯಬೇಕು ಎಂಬುದು ನನ್ನ ಬೇಡಿಕೆ. ಭದ್ರತೆಯ ತೇಪೆ ಬೇರೆ, ಉಳಿದದ್ದು ಬೇರೆ. ಮೊದಲನೆಯದಕ್ಕೆ ಶುಲ್ಕ, ಖಾತೆ, ಷರತ್ತು ಯಾವುದೂ ಇರಬಾರದು. ಎರಡನೆಯದಕ್ಕೆ ಕೊನೆಯವರೆಗೂ ‘ಬೇಡ’ ಎನ್ನುವ ಗುಂಡಿ ಇರಬೇಕು.

ಪ್ರಾಧಿಕಾರ ತಾನಾಗಿ ಎದ್ದು ಬರುವುದಿಲ್ಲ, ಯುರೋಪಿನಲ್ಲೂ ಯಾರೋ ಕೇಳಿದ ಮೇಲೆಯೇ ಕೊಟ್ಟದ್ದು. ಮುಂದಿನ ಸಲ ನಿಮ್ಮ ಪರದೆಯ ಮೇಲೆ ‘ಈಗಲೇ’ ಮತ್ತು ‘ಆಮೇಲೆ’ ಎಂಬ ಎರಡೇ ಗುಂಡಿ ಕಂಡಾಗ ಮೊಬೈಲಿನಲ್ಲಿ ಅದರ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕನ್ನಡದಲ್ಲೂ ದೂರು ಹೇಳಬಹುದು.